ನೆಟ್ ಇಲ್ಲದಿದ್ರೂ ನಡೀತದೆ ರಸ್ಟ್‌ಡೆಸ್ಕ್: ಬದಿಯಡ್ಕದ ಡಿಟಿಪಿ ಅಂಗಡಿಯಲ್ಲಿ ಬಳಸಿ ನೋಡಿದ್ದು

ಒಂದು ಕಂಪ್ಯೂಟರಲ್ಲಿ ಕೂತು ಇನ್ನೊಂದರ ಸ್ಕ್ರೀನ್ ನೋಡಿ ಮೌಸ್ ಹಿಡೀಲಿಕ್ಕೆ ಆಪ್ ಬೇಕಾದಷ್ಟು ಉಂಟು, ಆದ್ರೆ ಬದಿಯಡ್ಕದ ನಮ್ಮ ಡಿಟಿಪಿ ಅಂಗಡಿಗೆ ಸರಿಯಾಗಿ ಹೊಂದಿದ್ದು ರಸ್ಟ್‌ಡೆಸ್ಕ್. ಫ್ರೀ, ಓಪನ್ ಸೋರ್ಸ್. ಕೆಳಗೆ ಕೌಂಟರ್, ಮೇಲೆ ಡಿಸೈನ್ ಮಾಡುವವರು, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಮದುವೆ ಕಾಗದ ಯುನಿಕೋಡಿಗೆ (ಎಲ್ಲ ಕಡೆ ನಡೆಯುವ ಅಕ್ಷರ ಪದ್ಧತಿಗೆ) ಹಾಕುವಾಗ ಅಕ್ಷರ ಎಲ್ಲ ಕಲಸಿ ಹೋಯ್ತು ಅಂತ ಮೇಲಿಂದ ಕರೀತಾರೆ, ಗಿರಾಕಿಯನ್ನು ಬಿಟ್ಟು ಪ್ರತಿ ಸಲ ಮೆಟ್ಟಿಲು ಹತ್ಲಿಕ್ಕೆ ಆಗುದಿಲ್ಲ ನೋಡಿ.

ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಆಗ್ಬಹುದಿತ್ತು, ಆದ್ರೆ ಹೋಮ್ ಎಡಿಷನ್ ಇರುವ ಕಂಪ್ಯೂಟರಿಗೆ ಹೊರಗಿಂದ ಹಾಗೆ ಒಳಗೆ ಹೋಗ್ಲಿಕ್ಕೆ ಬಿಡುದಿಲ್ಲ, ಪ್ರೊ ಬೇಕು. ವಿಂಡೋಸ್‌ನದ್ದೇ ಇನ್ನೊಂದು ಆಪ್ ಕ್ವಿಕ್ ಅಸಿಸ್ಟ್ ಸುಲಭ, ಆದ್ರೆ ಎರಡು ಕಡೆಯೂ ಇಂಟರ್ನೆಟ್ ಬೇಕು, ಸಹಾಯ ಮಾಡುವವರು ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗ್ಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕಂಗು (ಅಡಿಕೆ ಮರ) ಬಿದ್ದು ಫೈಬರ್ ಕಟ್ಟಾಗುದು ಮಾಮೂಲಿ. ಕಂಪ್ಯೂಟರೂ ರೂಟರೂ ಯುಪಿಎಸ್‌ನಲ್ಲಿ ಓಡ್ತಾ ಇರ್ತದೆ, ಮೇಲಿನದಕ್ಕೂ ಕೆಳಗಿನದಕ್ಕೂ ಮಧ್ಯೆ ಇರುದು ಒಂದು ಕೇಬಲ್ ಮಾತ್ರ, ಅದಕ್ಕೆ ಹೊರಗಿನ ಇಂಟರ್ನೆಟ್ ಯಾಕೆ ಬೇಕು?

ರಸ್ಟ್‌ಡೆಸ್ಕ್ ನನಗೆ ಇಷ್ಟ ಆದದ್ದು ಇಲ್ಲಿಯೇ. ಸಹಾಯ ಬೇಕಾದ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್‌ನ ಸೆಕ್ಯುರಿಟಿಗೆ ಹೋಗಿ ಡೈರೆಕ್ಟ್ ಐಪಿ ಆಕ್ಸೆಸ್ ಆನ್ ಮಾಡಿದ್ರೆ, ರಸ್ಟ್‌ಡೆಸ್ಕ್ ಕೊಡುವ ಐಡಿ ನಂಬರಿನ ಬದಲು 192.168.1.12 ಅಂತ ಐಪಿಯನ್ನೇ (ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ವಿಳಾಸ) ಹೊಡೆದು ಸೀದಾ ಕನೆಕ್ಟ್ ಆಗ್ಬಹುದು, ಅದು ಬಳಸುವ ಪೋರ್ಟ್, ಅಂದ್ರೆ ಒಳಗೆ ಬರುವ ಬಾಗಿಲಿನ ನಂಬರ್, 21118.

ಆದ್ರೂ ಮೊದಲಿಗೆ ಮೇಲಿನದ್ದು ಸಿಗ್ಲೇ ಇಲ್ಲ. ಮೇಲಿಂದ ಕೆಳಗೆ ಕನೆಕ್ಟ್ ಆಗ್ತದೆ, ಕೆಳಗಿಂದ ಮೇಲೆ ಇಲ್ಲ. ಎರಡರಲ್ಲೂ ಐಪಿ ತೋರಿಸುವ ipconfig ಕಮಾಂಡ್ ಹೊಡೆದು ನೋಡಿದಾಗ ಐಪಿ ಶುರುವಾಗುದು ಕೆಳಗೆ 192.168.1, ಮೇಲೆ 192.168.0. ಹಿಂದೆ ವೈರಿಂಗ್ ಮಾಡಿದವರು ಮೇಲಿನ ಎರಡನೇ ರೂಟರಿನ ವ್ಯಾನ್ (WAN, ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗೆ ಕೇಬಲ್ ಕೊಟ್ಟಿದ್ರು, ಅದು ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡಿತ್ತು. ಅದರ ಐಪಿಯನ್ನು ಮೊದಲನೇ ರೂಟರಿನ 192.168.1 ಸಾಲಿಗೆ ತಂದು, ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ಲ್ಯಾನ್ (LAN, ಒಳಗಿನ ಕಂಪ್ಯೂಟರುಗಳ) ಪೋರ್ಟಿಗೆ ಹಾಕಿದ ಮೇಲೆ ಸರಿಯಾಯ್ತು. ಒಂದು ಕಡೆಯಿಂದ ಮಾತ್ರ ಸಿಗ್ತದೆ ಅಂತಾದ್ರೆ ಮೊದಲು ಇದನ್ನೇ ನೋಡಿ, ಸಾಫ್ಟ್‌ವೇರಿಗೆ ಬೈಬೇಡಿ. ಲ್ಯಾಪ್‌ಟಾಪು ಹೊರಗಿನವರಿಗೆ ಅಂತ ಬೇರೆ ಇಡುವ ಗೆಸ್ಟ್ ವೈಫೈಯಲ್ಲಿದ್ರೂ ಸಾಮಾನ್ಯವಾಗಿ ಒಂದಕ್ಕೊಂದು ಕಾಣುದಿಲ್ಲ. ಮತ್ತೆ ಇನ್ನೊಂದು ಕಂಪ್ಯೂಟರ್ ಸಿಗ್ತದಾ ಅಂತ ನೋಡುವ ಪಿಂಗ್‌ಗೆ ಉತ್ತರ ಬರ್ಲಿಲ್ಲ ಅಂತ ಕೈಬಿಡ್ಬೇಡಿ, ವಿಂಡೋಸ್ ಫೈರ್‌ವಾಲ್ ಪಿಂಗನ್ನು ತಡೀತದೆ, ಪೋರ್ಟ್ ಬೇರೆಯೇ ತೆರೆದಿರ್ಬಹುದು.

ಕೊರತೆಯೂ ಉಂಟು. ಇನ್‌ಸ್ಟಾಲ್ ಮಾಡದೆ ಬರೀ ಫೈಲ್ ಓಡಿಸಿದ್ರೆ ಅಡ್ಮಿನ್ ಪರ್ಮಿಷನ್ ಕೇಳುವ ಕಿಟಕಿ ಬಂದಾಗ ದೂರದಿಂದ ಏನೂ ಒತ್ಲಿಕ್ಕೆ ಆಗುದಿಲ್ಲ, ಹಾಗಾಗಿ ಇನ್‌ಸ್ಟಾಲ್ ಮಾಡಿಯೇ ಇಡಿ. ಸೆಟ್ಟಿಂಗ್ಸ್ ಹೊಸಬರಿಗೆ ತಲೆಬುಡ ಗೊತ್ತಾಗುದಿಲ್ಲ. ಪಾಸ್‌ವರ್ಡ್ ಗಟ್ಟಿಯಾದದ್ದು ಇಡಿ, ಬ್ಯಾಂಕಿನಿಂದ ಅಂತ ಫೋನ್ ಮಾಡಿ ಇಂಥದ್ದೇ ಆಪ್ ಹಾಕಿಸಿ ದುಡ್ಡು ಎತ್ತುವವರಿದ್ದಾರೆ, ಅಂಗಡಿಯ ಎಲ್ಲರಿಗೂ ಇದನ್ನು ಹೇಳಿಟ್ಟಿದ್ದೇವೆ.

ರೂಟರಿನಲ್ಲಿ ಪ್ರತಿ ಕಂಪ್ಯೂಟರಿಗೂ ಐಪಿ ರಿಸರ್ವ್ ಮಾಡಿ ಇಟ್ರೆ ನಂಬರ್ ಬದಲಾಗುದಿಲ್ಲ, ನಾವು ಅದನ್ನು ಬರೆದು ಆಯಾ ಮಾನಿಟರಿಗೆ ಅಂಟಿಸಿದ್ದೇವೆ. ರಸ್ಟ್‌ಡೆಸ್ಕಿಗೆ ಸ್ವಂತ ಸರ್ವರ್ ಹಾಕುವ ದಾರಿಯೂ ಖಂಡಿತ ಉಂಟು, ಆದ್ರೆ ನಮ್ಮಷ್ಟು ಸಣ್ಣ ಅಂಗಡಿಗೆ ಅದು ಬೇಡ.