ಆರ್‌ಎಸ್‌ಎಸ್ಸೋ ಆಟಮ್ಮೋ?

ಬ್ಲಾಗಿನ ಹೊಸ ಬರಹಗಳನ್ನು ಓದುಗರ ರೀಡರ್ ಆ್ಯಪ್‌ಗೆ ತಲುಪಿಸೋ ಕಡತಕ್ಕೆ ಫೀಡ್ ಅನ್ನುತ್ತಾರೆ; ಆರ್‌ಎಸ್‌ಎಸ್, ಆಟಮ್ ಅನ್ನೋದು ಅದನ್ನು ಬರೆಯೋ ಎರಡು ಬಗೆ. ನನ್ನ ಕನ್ನಡ ಬ್ಲಾಗಿನ ಫೀಡ್ ತಯಾರಿಸೋ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದುಕೊಂಡವನು ನಾನೇ. ಅವೇ ಬರಹಗಳನ್ನು ಆರ್‌ಎಸ್‌ಎಸ್ 2.0ರಲ್ಲೂ ಆಟಮ್ 1.0ರಲ್ಲೂ ಕಳಿಸಿ, ಬೇರೆ ಬೇರೆ ರೀಡರ್‌ಗಳಲ್ಲಿ ತೆರೆದು ನೋಡಿದೆ.

ಬರೆಯೋಕೆ ಆರ್‌ಎಸ್‌ಎಸ್ ಸಲೀಸು. ಒಂದು ಐಟಂಗೆ, ಅಂದರೆ ಫೀಡ್‌ನ ಒಂದು ಬರಹಕ್ಕೆ, ಶೀರ್ಷಿಕೆ ಅಥವಾ ವಿವರಣೆ, ಎರಡರಲ್ಲಿ ಒಂದಿದ್ದರೆ ಸಾಕು. ಮಿಕ್ಕಿದ್ದೆಲ್ಲ ನಿಮ್ಮಿಷ್ಟ. ತೊಂದರೆ ಶುರುವಾಗೋದೂ ಅಲ್ಲೇ. ಶೀರ್ಷಿಕೆಯಲ್ಲಿ ಎಚ್‌ಟಿಎಂಎಲ್ (ವೆಬ್ ಪುಟ ಬರೆಯೋ ಟ್ಯಾಗ್‌ಗಳ ಭಾಷೆ) ಇರಬಹುದಾ, ಬರೀ ಪಠ್ಯವಾ? 2002ರಲ್ಲಿ ಬಂದ ಆರ್‌ಎಸ್‌ಎಸ್ 2.0ರ ನಿಯಮಪಟ್ಟಿ ಈ ವಿಷಯದಲ್ಲಿ ಬಾಯೇ ಬಿಡುವುದಿಲ್ಲ. ಎಚ್‌ಟಿಎಂಎಲ್ ಟ್ಯಾಗ್ ಬಗ್ಗೆಯೇ ಒಂದು ಬರಹ ಹಾಕಿದ್ದೆ. ಒಂದು ರೀಡರ್ ಶೀರ್ಷಿಕೆಯಲ್ಲಿದ್ದ ಟ್ಯಾಗನ್ನು ಹಾಗೇ ತೋರಿಸಿತು, ಇನ್ನೊಂದು ಅದನ್ನು ನುಂಗಿಹಾಕಿತು. ಎರಡನ್ನೂ ತಪ್ಪು ಅನ್ನೋ ಹಾಗಿಲ್ಲ! ತಿದ್ದೋಣ ಅಂದರೆ ಆ ಪಟ್ಟಿಯನ್ನು ಇನ್ನು ಮುಟ್ಟುವುದಿಲ್ಲ ಅಂತ ಬರೆದವರೇ ಬೀಗ ಹಾಕಿಬಿಟ್ಟಿದ್ದಾರೆ.

ದಿನಾಂಕದ್ದು ಇನ್ನೊಂದು ಗೋಳು. ಆರ್‌ಎಸ್‌ಎಸ್‌ಗೆ ಬೇಕಿರೋದು 1982ರ ಇಮೇಲ್ ನಿಯಮದ ದಿನಾಂಕ. ಅದರಲ್ಲಿ ವಾರ, ತಿಂಗಳ ಹೆಸರು ಇಂಗ್ಲಿಷಿನಲ್ಲೇ ಇರಬೇಕು. ಬ್ಲಾಗಿನ ಭಾಷೆ ಕನ್ನಡ ಅಂತ ಆರಿಸಿದ್ದೀರಿ, ಪ್ರೋಗ್ರಾಂ ತಿಂಗಳನ್ನೂ ಕನ್ನಡದಲ್ಲೇ ಬರೆದುಬಿಟ್ಟಿತು ಅಂದುಕೊಳ್ಳಿ. ರೀಡರ್‌ಗೆ ಅದು ಅರ್ಥವಾಗಲ್ಲ, ಇವತ್ತಿನ ಬರಹ ಪಟ್ಟಿಯ ಯಾವುದೋ ಮೂಲೆ ಸೇರುತ್ತದೆ. ಆಟಮ್‌ನಲ್ಲಿ ತಿಂಗಳೂ ಅಂಕಿಯೇ, ಈ ರಗಳೆ ಇಲ್ಲ.

ಆಟಮ್ 2005ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 4287 ಅನ್ನೋ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಬಂತು. ಇದು ಪಠ್ಯ, ಇದು ಎಚ್‌ಟಿಎಂಎಲ್ ಅಂತ ಅದರಲ್ಲಿ ನಾವೇ ಹೇಳಬಹುದು. ಹೇಳದಿದ್ದರೆ ಪಠ್ಯ ಅಂತಲೇ ಲೆಕ್ಕ. ಒಂದೇ ಫೀಡ್‌ನಲ್ಲಿ ಒಂದು ಬರಹ ಕನ್ನಡದ್ದು, ಮತ್ತೊಂದು ಇಂಗ್ಲಿಷಿನದು ಅಂತ ಗುರುತು ಹಾಕಬಹುದು. ಆರ್‌ಎಸ್‌ಎಸ್‌ನಲ್ಲಿ ಇಡೀ ಚಾನೆಲ್‌ಗೆ, ಅಂದರೆ ಪೂರ್ತಿ ಫೀಡ್‌ಗೆ, ಒಂದೇ ಭಾಷೆ. ನನಗೆ ಜಾಸ್ತಿ ಹಿಡಿಸಿದ್ದು ಪ್ರತಿ ಬರಹಕ್ಕೂ ಐಡಿ (ಬದಲಾಗದ ಗುರುತು) ಕಡ್ಡಾಯ ಅನ್ನೋದು. ಶೀರ್ಷಿಕೆಯಲ್ಲಿ ಒಂದು ಒತ್ತಕ್ಷರ ತಿದ್ದಿದ್ದಕ್ಕೇ ಹಳೇ ಬರಹ ಹೊಸದರ ಹಾಗೆ ಮತ್ತೆ ಬಂದು ಕೂರುವುದು ಇದರಿಂದ ತಪ್ಪಿತು. ಆರ್‌ಎಸ್‌ಎಸ್‌ನಲ್ಲೂ ಐಡಿ ಕೊಡಬಹುದು, ಆದರೆ ಕೊಡಲೇಬೇಕು ಅಂತಿಲ್ಲವಲ್ಲ.

ಆಟಮ್‌ಗೆ ಮಡಿ ಸ್ವಲ್ಪ ಹೆಚ್ಚು. ಒಬ್ಬನೇ ಬರೆಯೋ ಬ್ಲಾಗಿಗೂ ಲೇಖಕರ ಹೆಸರು ಬೇಕೇ ಬೇಕು ಅನ್ನುತ್ತದೆ. ಇರಲಿ.

ಪಾಡ್‌ಕಾಸ್ಟ್ ಮಾಡೋರಿಗೆ ಮಾತ್ರ ಈ ಚರ್ಚೆಯೇ ಸುಮ್ನೆ. ಆ ಲೋಕ ನಡೆಯೋದೇ ಆರ್‌ಎಸ್‌ಎಸ್ ಮೇಲೆ. ಹಾಗಾಗಿ ನನ್ನ ಆಡಿಯೊ ಅದರಲ್ಲೇ ಹೋಗುತ್ತದೆ, ಬರಹಗಳೆಲ್ಲ ಆಟಮ್‌ನಲ್ಲಿ. ನಿಮ್ಮ ಬ್ಲಾಗ್ ಇರೋದು ಬ್ಲಾಗರ್ ತಾಣದಲ್ಲಾದರೆ ಆಟಮ್ ತಾನಾಗೇ ಸಿಗುತ್ತದೆ. ವರ್ಡ್‌ಪ್ರೆಸ್ ಆದರೆ ಮಾಮೂಲಿ ಫೀಡ್ ಆರ್‌ಎಸ್‌ಎಸ್. ಆ ಫೀಡ್‌ನ ವಿಳಾಸದ ಕೊನೆಗೆ ಇಂಗ್ಲಿಷಿನಲ್ಲಿ atom ಅಂತ ಸೇರಿಸಿ ನೋಡಿ.