ಕ್ಯೂಜಿಐಎಸ್‌ನಲ್ಲಿ ಜನಸಂಖ್ಯೆಯ ವೃತ್ತ ಬರೆಯೋರು ಎರಡು ಸೊನ್ನೆ ಮರೀಬೇಡಿ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ತರಗತಿಗೆ ಒಂದು ನಕ್ಷೆ ಬೇಕಿತ್ತು. ಕರ್ನಾಟಕದ ಜಿಲ್ಲೆಗಳು, ಪ್ರತಿ ಜಿಲ್ಲೆಯ ಮೇಲೆ ಅಲ್ಲಿನ ಜನಸಂಖ್ಯೆಗೆ ತಕ್ಕಷ್ಟು ದೊಡ್ಡ ವೃತ್ತ. ಅದಕ್ಕೆ ಕ್ಯೂಜಿಐಎಸ್ (QGIS) ಅನ್ನೋ ನಕ್ಷೆ ಮಾಡುವ ತಂತ್ರಾಂಶ ಹಾಕಿಕೊಂಡೆ. ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2002ರಲ್ಲಿ ಗ್ಯಾರಿ ಶರ್ಮನ್ ಶುರು ಮಾಡಿದ ಈ ತಂತ್ರಾಂಶವನ್ನು ಈಗ ಜಗತ್ತಿನ ಎಲ್ಲೆಲ್ಲಿಯೋ ಇರುವ ಜನ ಸೇರಿ ಬೆಳೆಸುತ್ತಿದ್ದಾರೆ. ಒಂದು ತಿಂಗಳು ಬಳಸಿದ ಮೇಲೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಯಾಕೆ ಹೋಯಿತು ಅನ್ನೋದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿರೋದು.

ಸುಮ್ನೆ ಜಿಲ್ಲೆಗಳಿಗೆ ಬಣ್ಣ ತುಂಬಿದರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ಬಣ್ಣದ ನಕ್ಷೆಯಲ್ಲಿ ಮೊದಲು ಕಣ್ಣಿಗೆ ಬೀಳೋದು ನೆಲದ ಅಗಲ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನ 14 ಲಕ್ಷ ಚಿಲ್ಲರೆ, ಜಿಲ್ಲೆ ಮಾತ್ರ 10 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಬೆಂಗಳೂರು ನಗರ ಜಿಲ್ಲೆ ಅದರ ಕಾಲು ಭಾಗವೂ ಇಲ್ಲ, ಜನ 96 ಲಕ್ಷ! ಸಾಕ್ಷರತೆ, ಲಿಂಗಾನುಪಾತ ಇಂಥವಕ್ಕೆ ಬಣ್ಣ ಸರಿ. ತಲೆ ಎಣಿಕೆಗೆ ವೃತ್ತವೇ ಬೇಕು.

ಈಗ ನನ್ನ ತಪ್ಪಿನ ವಿಷಯ. ಜಿಲ್ಲೆಗಳ ನಡುಬಿಂದುಗಳ ಲೇಯರ್ (ಪದರ) ಮಾಡಿಕೊಂಡು, ಗುರುತುಗಳ ರೂಪ ಹೊಂದಿಸುವ ಸಿಂಬಾಲಜಿಯಲ್ಲಿ ಸೈಜ್ ಪಕ್ಕದ ಚಿಕ್ಕ ಬಟನ್ ಒತ್ತಿ, ಅಂಕಿಗೆ ತಕ್ಕ ಗಾತ್ರ ಕೊಡುವ ಅಸಿಸ್ಟೆಂಟ್ ತೆರೆದೆ. ಜನಸಂಖ್ಯೆಯ ಕಾಲಂ ಆರಿಸಿದೆ. ಕನಿಷ್ಠ ಮತ್ತು ಗರಿಷ್ಠವನ್ನು ಲೇಯರಿನಿಂದಲೇ ತುಂಬಿಸಿದೆ: ಕೊಡಗಿನ 5,54,519ರಿಂದ ಬೆಂಗಳೂರು ನಗರದ 96,21,551ರವರೆಗೆ. ಗಾತ್ರ 1ರಿಂದ 10 ಅಂತ ಇತ್ತು, ಹಾಗೇ ಬಿಟ್ಟೆ. ವಿಧಾನಕ್ಕೆ ಸರ್ಫೇಸ್, ಅಂದರೆ ವಿಸ್ತೀರ್ಣ, ಆರಿಸಿದೆ. ನಕ್ಷೆ ಚೆನ್ನಾಗಿ ಕಾಣಿಸಿತು, ಪ್ರಿಂಟ್ ತೆಗೆದು ತರಗತಿಗೆ ಒಯ್ದೆ. ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಮಿಸ್, ಕೊಡಗಲ್ಲಿ ಜನಾನೇ ಇಲ್ವಾ?"

ಅವಳ ಪ್ರಶ್ನೆ ಸರಿಯಾಗೇ ಇತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. ಬೆಂಗಳೂರು ನಗರದ ಜನಸಂಖ್ಯೆ ಕೊಡಗಿನ ಸುಮಾರು 17 ಪಟ್ಟು. ನನ್ನ ನಕ್ಷೆಯಲ್ಲಿ ಒಂದು ವೃತ್ತದ ವ್ಯಾಸ 1 ಮಿಲಿಮೀಟರ್, ಇನ್ನೊಂದರದ್ದು 10, ಅಂದರೆ ವಿಸ್ತೀರ್ಣ 100 ಪಟ್ಟು. ಮೈಸೂರಿನ ಜನ ಕೊಡಗಿನ ಐದೂವರೆ ಪಟ್ಟೂ ಇಲ್ಲ, ವೃತ್ತ ಮಾತ್ರ 32 ಪಟ್ಟು ಆಗಿತ್ತು. ಕಾರಣ ಇಷ್ಟೇ: ತಂತ್ರಾಂಶ ಅತಿ ಚಿಕ್ಕ ಅಂಕಿಗೆ ಅತಿ ಚಿಕ್ಕ ಗಾತ್ರ, ಅತಿ ದೊಡ್ಡದಕ್ಕೆ ಅತಿ ದೊಡ್ಡ ಗಾತ್ರ ಕೊಟ್ಟು ನಡುವಿನದನ್ನೆಲ್ಲ ಹಂಚಿಬಿಡುತ್ತದೆ, ಹಾಗಾಗಿ ಸರ್ಫೇಸ್ ಅಂತ ಆರಿಸಿದ್ದರೂ ಅನುಪಾತ ಉಳಿಯಲ್ಲ. ಪರಿಹಾರ ಅರ್ಧ ನಿಮಿಷದ್ದು. ಕನಿಷ್ಠ ಅಂಕಿಗೆ 0, ಕನಿಷ್ಠ ಗಾತ್ರಕ್ಕೂ 0 ಹಾಕಿ. ಗರಿಷ್ಠ ಗಾತ್ರ 20 ಮಿಲಿಮೀಟರ್ ಕೊಟ್ಟಾಗ ಬೆಳಗಾವಿ 14.1, ಮೈಸೂರು 11.2, ಕೊಡಗು 4.8 ಬಂತು. ಇದನ್ನು ಪರದೆಯ ಮೇಲೆ ಒಂದು ಸಾಲಿನಲ್ಲಿ ಎಚ್ಚರಿಸಿದ್ದರೆ ಎಷ್ಟು ಚೆನ್ನಾಗಿತ್ತು. ಆ ಒಂದು ಅಂಕ ಹೋಗಿದ್ದು ಇಲ್ಲೇ.

ವಿಧಾನಗಳ ಪಟ್ಟಿಯಲ್ಲಿ ರೇಡಿಯಸ್ ಕೂಡ ಇದೆ. ಜನಸಂಖ್ಯೆಗೆ ಅದನ್ನು ಮುಟ್ಟಬೇಡಿ, ತ್ರಿಜ್ಯವೇ 17 ಪಟ್ಟಾದರೆ ವಿಸ್ತೀರ್ಣ ಸುಮಾರು 300 ಪಟ್ಟಾಗುತ್ತದೆ. ಫ್ಲಾನರಿ ಅನ್ನೋದು ಬೇರೆ ಥರ. ದೊಡ್ಡ ವೃತ್ತವನ್ನು ನಮ್ಮ ಕಣ್ಣು ಇರೋದಕ್ಕಿಂತ ಚಿಕ್ಕದಾಗಿ ಅಂದಾಜು ಮಾಡುತ್ತದೆ ಅಂತ ನಕ್ಷೆ ತಜ್ಞ ಜೇಮ್ಸ್ ಫ್ಲಾನರಿ 1971ರಲ್ಲಿ ಬರೆದರು. ಅದಕ್ಕೆ ಸರಿದೂಗಲು ಸರ್ಫೇಸ್ ವಿಧಾನದ ವರ್ಗಮೂಲದ, ಅಂದರೆ 0.5 ಘಾತದ ಬದಲು ಸುಮಾರು 0.57 ಬಳಸುತ್ತಾರೆ. ಆಗ ಬೆಂಗಳೂರಿನ ವ್ಯಾಸ ಕೊಡಗಿನ 4.2 ಪಟ್ಟಿನ ಬದಲು 5.1 ಪಟ್ಟು ಆಗುತ್ತದೆ. ದೂರದಿಂದ ಒಂದೇ ನೋಟಕ್ಕೆ ನೋಡುವ ನಕ್ಷೆಗೆ ಅದು ಒಪ್ಪುತ್ತದೆ. ನನ್ನ ಮಕ್ಕಳು ಸ್ಕೇಲ್ ಹಿಡಿದು ಅಳೆಯುವವರು, ಅವರಿಗೆ ಸರ್ಫೇಸೇ ಸರಿ.

ಉಳಿದದ್ದೆಲ್ಲ ಖುಷಿ ಕೊಟ್ಟಿತು. ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ 'ಚಿಕ್ಕಬಳ್ಳಾಪುರ' ಒತ್ತಕ್ಷರ ಸಮೇತ ಸರಿಯಾಗಿ ಮೂಡಿತು. ಬೆಂಗಳೂರಿನ ವೃತ್ತ ಬೆಂಗಳೂರು ಗ್ರಾಮಾಂತರವನ್ನು ಮುಚ್ಚದ ಹಾಗೆ ಚಿತ್ರಿಸುವ ಕ್ರಮವನ್ನು ದೊಡ್ಡದರಿಂದ ಚಿಕ್ಕದಕ್ಕೆ ಬದಲಿಸಿ, ಬಣ್ಣ ಸ್ವಲ್ಪ ಪಾರದರ್ಶಕ ಮಾಡಿ, ಸುತ್ತ ಬಿಳಿ ಅಂಚು ಕೊಟ್ಟೆ. ಅಡ್ವಾನ್ಸ್ಡ್ ಬಟನ್ ಒಳಗೆ ಡೇಟಾ ಡಿಫೈನ್ಡ್ ಸೈಜ್ ಲೆಜೆಂಡ್ ಇದೆ, 5 ಲಕ್ಷ, 25 ಲಕ್ಷ, 1 ಕೋಟಿ ಅಂತ ನಾವೇ ಅಂಕಿ ಕೊಟ್ಟರೆ ಒಂದರೊಳಗೊಂದು ಕೂತ ವೃತ್ತಗಳ ಸೂಚಿ ಬರುತ್ತದೆ. ಇದಿಲ್ಲದೆ ವೃತ್ತದ ನಕ್ಷೆ ಕೊಡಲೇಬೇಡಿ. ಇನ್ನೊಂದು, 2011ರ ಪಟ್ಟಿಯಲ್ಲಿ ಇರೋದು 30 ಜಿಲ್ಲೆ. ವಿಜಯನಗರ ಆದದ್ದು 2021ರಲ್ಲಿ. ಹೊಸ ಗಡಿಗಳ ಫೈಲ್ ತಗೊಂಡರೆ ಅದರ ಮುಂದೆ ಅಂಕಿ ಖಾಲಿ ಉಳಿಯುತ್ತದೆ, ಹಳೆಯ ಗಡಿಗಳದ್ದನ್ನೇ ಹುಡುಕಿ.

ಸರಿಮಾಡಿದ ನಕ್ಷೆಯ ಎರಡು ವೃತ್ತಗಳನ್ನು ಮಕ್ಕಳು ಮಿಲಿಮೀಟರ್ ಗ್ರಾಫ್ ಹಾಳೆಯ ಮೇಲೆ ಬರೆದು ಚಿಕ್ಕ ಚೌಕಗಳನ್ನು ಎಣಿಸಿದರು. ಕೊಡಗಿನದ್ದು ಹತ್ತಿರ ಹತ್ತಿರ 18, ಬೆಂಗಳೂರಿನದ್ದು 310ರ ಆಸುಪಾಸು. ಮೊದಲು ಪ್ರಶ್ನೆ ಕೇಳಿದ್ದ ಹುಡುಗಿಯೇ ಭಾಗಾಕಾರ ಮಾಡಿ 17 ಅಂತ ಬೋರ್ಡಿನ ಮೇಲೆ ಬರೆದಳು.