ಹಳೆಯ ನಿಯಮವೋ, ಇಂದಿನ ಬಳಕೆಯೋ, ವಾಕ್ಯವನ್ನೇ ತಿರುಗಿಸುವುದೋ?

ಇಂಗ್ಲಿಷ್ ಬರೆಯುವಾಗ ನಿಯಮಕ್ಕೂ ಬಳಕೆಗೂ ತಾಳೆಯಾಗದಿದ್ದರೆ ದಾರಿ ಮೂರು: ನಿಯಮ ಹಿಡಿಯುವುದು, ಬಳಕೆ ಒಪ್ಪುವುದು, ತಕರಾರೇ ಏಳದಂತೆ ವಾಕ್ಯ ತಿರುಗಿಸುವುದು.

ಮೊದಲು ನಿಯಮದ ಬುಡ ನೋಡಿ. ವಾಕ್ಯದ ಕೊನೆಗೆ ಪ್ರಿಪೊಸಿಷನ್ (‘ಆಫ್’, ‘ವಿತ್’ನಂಥ ಪದ) ಬರಬಾರದೆಂದು 1672ರಲ್ಲಿ ಆಕ್ಷೇಪ ಎತ್ತಿದ್ದು ಇಂಗ್ಲಿಷ್ ಕವಿ ಡ್ರೈಡನ್. ಅದು ವ್ಯಾಕರಣವಲ್ಲ, ಒಬ್ಬ ಕವಿಯ ಅಭಿರುಚಿ. ಧಾರಾಳವಾಗಿ ಬಿಡಬಹುದು. ಕರ್ತೃ–ಕ್ರಿಯಾಪದದ ಹೊಂದಾಣಿಕೆಯನ್ನು ಹಾಗೆ ಬಿಡಲಾಗದು. ‘ದ ಲಿಸ್ಟ್ ಆಫ್ ನೇಮ್ಸ್ ಆರ್’ ಎಂದರೆ ಅಚ್ಚಿನಲ್ಲಿ ತಪ್ಪೇ, ಕರ್ತೃ ‘ಲಿಸ್ಟ್’ ಏಕವಚನ.

ಸ್ಪಷ್ಟತೆಯ ವಿಷಯದಲ್ಲಿ ಹಳೆಯ ನಿಯಮವೇ ಕೆಲವೊಮ್ಮೆ ಕೈಕೊಡುತ್ತದೆ. ‘ದೇ ಡಿಸೈಡೆಡ್ ಟು ಗ್ರ್ಯಾಜುಯಲಿ ರಿಡ್ಯೂಸ್ ಕಾಸ್ಟ್ಸ್’ ಎಂಬುದರಲ್ಲಿ ‘ಟು’ ಮತ್ತು ಕ್ರಿಯಾಪದದ ನಡುವೆ ಪದ ನುಗ್ಗಿ ಇನ್ಫಿನಿಟಿವ್ ಒಡೆಯಿತೆಂದು ‘ಗ್ರ್ಯಾಜುಯಲಿ’ಯನ್ನು ‘ಟು’ಗಿಂತ ಮೊದಲು ಇಟ್ಟರೆ, ನಿಧಾನವಾದದ್ದು ನಿರ್ಧಾರವೋ ಕಡಿತವೋ ತಿಳಿಯದು. ಒಡೆದೇ ಬರೆಯಿರಿ.

ಓದುಗರು ಯಾರು ಎಂಬುದು ಇನ್ನೂ ಮುಖ್ಯ. ಒಬ್ಬರಿಗೇ ‘ದೇ’ (they) ಬಳಸುವುದನ್ನು ಎಪಿಎ (ಅಮೆರಿಕನ್ ಮನೋವಿಜ್ಞಾನ ಸಂಘ) ಶೈಲಿ ಕೈಪಿಡಿಯ 2019ರ ಏಳನೇ ಆವೃತ್ತಿ ಅನುಮೋದಿಸಿದೆ. ಅದನ್ನು ಅನುಸರಿಸುವ ಪ್ರಬಂಧಕ್ಕೆ ಅಂಜಿಕೆ ಬೇಡ. ಪರೀಕ್ಷಕರು ಹಳೆಯ ಪಟ್ಟಿನವರಾದರೆ ಮೂರನೇ ದಾರಿ: ‘ಈಚ್ ಸ್ಟೂಡೆಂಟ್’ ಬಿಟ್ಟು ‘ಸ್ಟೂಡೆಂಟ್ಸ್’ ಎನ್ನಿ, ಆಗ ‘ದೇರ್’ (their) ಯಾರ ಕಣ್ಣಿಗೂ ಚುಚ್ಚದು. ಆದರೆ ತಿರುಗಿಸಲು ಸಮಯ ಬೇಕು, ಚಾಳಿಯಾದರೆ ಬರಹ ಪ್ಯಾಸಿವ್ (ಕರ್ಮಣಿ) ವಾಕ್ಯಗಳಿಂದ ಸಪ್ಪೆಯಾಗುತ್ತದೆ.

ಕೆಲಸದ ಅರ್ಜಿಯಲ್ಲಿ, ಎಣಿಸಬಹುದಾದ ತಪ್ಪುಗಳಿಗೆ ‘ಫ್ಯೂಯರ್ ಎರರ್ಸ್’ ಎಂದೇ ಬರೆಯಿರಿ. ಅದನ್ನು ಯಾರೂ ಆಕ್ಷೇಪಿಸುವುದಿಲ್ಲ, ‘ಲೆಸ್ ಎರರ್ಸ್’ಗೆ ಹುಬ್ಬೇರಿಸುವವರಿದ್ದಾರೆ. ದೂರ, ಹಣ, ಅವಧಿಗೆ ಮಾತ್ರ ‘ಲೆಸ್ ದ್ಯಾನ್ ಫೈವ್ ಕಿಲೋಮೀಟರ್ಸ್’ ಸರಿ. ಅಲ್ಲಿ ‘ಫ್ಯೂಯರ್’ ಅತಿಬುದ್ಧಿ.